ಕರಿ ಅಂದರೆ ಯಾವ ಕರಿ?

— ಚಿಕ್ಕಮ್ಮ, ನಾಲ್ಕನೇ ತರಗತಿಗೆ ಮೊನ್ನೆ ಒಂದು ಪ್ರಶ್ನೆ ಕೊಟ್ಟೆ. 'ಅರಸು : ರಾಜ :: ಕರಿ : ___'. ಗೈಡಿನಲ್ಲಿ ಉತ್ತರ 'ಆನೆ' ಅಂತಿದೆ. ಹೆಚ್ಚಿನ ಮಕ್ಕಳು 'ಬಿಳಿ' ಅಂತ ಬರೆದಿದ್ದಾರೆ, ಕೆಲವರು 'ಕಪ್ಪು' ಅಂತ, ಒಬ್ಬಳು 'ಬೋಂಡ' ಅಂತ. ಆನೆ ಯಾರಿಗೂ ಹೊಳೆದಿಲ್ಲ.

— ತಿದ್ದಿ ಕೊಟ್ಟೆಯಾ?

— ಇನ್ನೂ ಇಲ್ಲ. ನಿಮ್ಮನ್ನ ಕೇಳಿಯೇ ತಿದ್ದೋಣ ಅಂತ ಇಟ್ಟುಕೊಂಡಿದ್ದೀನಿ.

— ಕಪ್ಪು ಅಂತ ಬರೆದವರಿಗೆಲ್ಲ ಅಂಕ ಕೊಡು. ಅರಸು ಅಂದರೂ ರಾಜ ಅಂದರೂ ಒಂದೇ. ಕರಿ ಅಂದರೂ ಕಪ್ಪು ಅಂದರೂ ಒಂದೇ. ಆ ಮಕ್ಕಳು ಮೊದಲ ಜೋಡಿ ನೋಡಿದ್ದಾರೆ, ಅಲ್ಲಿರೋದು ಸಮಾನಾರ್ಥ ಅಂತ ಕಂಡುಕೊಂಡಿದ್ದಾರೆ, ಅದನ್ನೇ ಎರಡನೇ ಜೋಡಿಗೆ ಹಾಕಿದ್ದಾರೆ. ಅವರು ಮಾಡಬೇಕಾದ ಕೆಲಸ ಅಷ್ಟೇ. ಆನೆಯೇ ಬೇಕಾಗಿದ್ದರೆ ಪ್ರಶ್ನೆ ಬರೆದವರು ಅದಕ್ಕೆ ದಾರಿ ಮಾಡಿಕೊಡಬೇಕಿತ್ತು.

— ಮತ್ತೆ ಬೋಂಡ ಬರೆದವಳು?

— ಅವಳಿಗೆ ಕರಿ ಅನ್ನೋದು ಬಾಣಲೆ ಮುಂದಿನ ಮಾತು. ಎಣ್ಣೆ ಕಾಯ್ತು, ಕರಿ ಅಂತ ಅವರಮ್ಮ ಹೇಳಿದ್ದು ಕೇಳಿದ್ದಾಳೆ. ಉತ್ತರ ಈ ಪ್ರಶ್ನೆಗೆ ಕೂಡೋದಿಲ್ಲ, ನಿಜ. ಆದರೆ ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅನ್ನೋದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತು. ನಿನಗೆ ಪಾಠಕ್ಕೆ ಬೇಕಾದ ಸಾಮಾನು ಅಲ್ಲೇ ಸಿಕ್ಕಿತು. ಯೋಚನೆ ಮಾಡಬೇಕಾದ್ದು 'ಬಿಳಿ' ಬರೆದವರ ಬಗ್ಗೆ. ಅವರು ಮೊದಲ ಜೋಡಿಯ ಕಡೆ ಕಣ್ಣೇ ಹಾಯಿಸಿಲ್ಲ. ವಿರುದ್ಧ ಪದ ಬರೆದು ಬರೆದು ಕೈ ಪಳಗಿದೆ, ಕರಿ ಕಂಡ ತಕ್ಷಣ ಬಿಳಿ ಬಂದುಬಿಟ್ಟಿದೆ.

— ಹಾಗಾದರೆ ನಾನಾರ್ಥ ಇರೋ ಪದವನ್ನ ಇಂಥ ಪ್ರಶ್ನೆಗೆ ತರಲೇಬಾರದಾ?

— ತರಲೇಬೇಕು ಕಣೇ! ಈ ಬಗೆಯ ಪ್ರಶ್ನೆಗೆ ಜೀವ ಬರೋದೇ ಅಲ್ಲಿ. ಒಂದೇ ಪದವನ್ನ ಮೂರನೇ ಜಾಗದಲ್ಲಿ ಇಟ್ಟು, ಮೊದಲ ಜೋಡಿಯನ್ನ ಮಾತ್ರ ಬದಲಾಯಿಸಿ ನೋಡು. 'ಅಶ್ವ : ಕುದುರೆ :: ಕರಿ : ___'. ಈಗ ಆನೆ ಬಿಟ್ಟು ಬೇರೆ ಬರೋದಿಲ್ಲ. 'ಬಿಳಿ : ಹಾಲು :: ಕರಿ : ___'. ಇದ್ದಿಲು ಅನ್ನು, ಕಾಗೆ ಅನ್ನು, ಎರಡೂ ಸರಿ. 'ಬೇಯಿಸು : ಇಡ್ಲಿ :: ಕರಿ : ___'. ಬಂತಲ್ಲ ನಿನ್ನ ಬೋಂಡ! ಮೂರು ಪ್ರಶ್ನೆಯಲ್ಲೂ ಕರಿ ಅದೇ, ಕಾಗುಣಿತ ಅದೇ, ಓದೋ ಧ್ವನಿಯೂ ಅದೇ. ಈ ಹೊತ್ತು ಯಾವ ಕರಿ ಅಂತ ತೀರ್ಮಾನ ಮಾಡೋದು ಮೊದಲ ಜೋಡಿ. ಊರಾಚೆ ದಾರಿ ಕವಲೊಡೆಯೋ ಕಡೆ ನಿಂತ ಕೈಮರದ ಹಾಗೆ ಅದು. ಈ ಮೂರನ್ನೂ ಒಂದರ ಕೆಳಗೊಂದು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತುಕೋ. ಪದದ ಅರ್ಥ ಅದರ ಪಕ್ಕದಲ್ಲಿ ಏನಿದೆ ಅನ್ನೋದರ ಮೇಲೆ ನಿಲ್ಲುತ್ತೆ ಅಂತ ನೀನು ಹೇಳೋ ಮೊದಲೇ ಯಾರಾದರೂ ಹೇಳ್ತಾರೆ.

— ಒಂಬತ್ತು ವರ್ಷದ ಮಕ್ಕಳಿಗೆ ಇದು ಜಾಸ್ತಿ ಆಗೋಲ್ವಾ? ಡಿ.ಎಡ್.ನಲ್ಲಿ ಪಿಯಾಜೆ ಓದುವಾಗ, ಇಂಥ ಸಂಬಂಧದ ಯೋಚನೆ ಹನ್ನೊಂದು ಹನ್ನೆರಡು ವರ್ಷದ ಮೇಲೆ ಬರುತ್ತೆ ಅಂತ ಬರೆದುಕೊಂಡ ನೆನಪು.

— ಪಿಯಾಜೆ ಹಾಗೆ ಹೇಳಿದ್ದು ಹೌದು. ಆಮೇಲೆ ಉಷಾ ಗೋಸ್ವಾಮಿ ಅನ್ನೋ ಮನಶ್ಶಾಸ್ತ್ರಜ್ಞೆ, ಆನ್ ಬ್ರೌನ್ ಜೊತೆ ಸೇರಿ ಚಿತ್ರ ಇಟ್ಟುಕೊಂಡು ಇದನ್ನ ಪರೀಕ್ಷೆ ಮಾಡಿದರು. 1990ರಲ್ಲಿ ಆ ಲೇಖನ ಬಂತು. ಹಕ್ಕಿಗೆ ಗೂಡು, ಹಾಗಾದರೆ ನಾಯಿಗೆ ಏನು? ಮುಂದೆ ಇಟ್ಟಿದ್ದ ಚಿತ್ರಗಳಲ್ಲಿ ನಾಯಿಮನೆ ಇತ್ತು, ಮೂಳೆ ಇತ್ತು, ಇನ್ನೊಂದು ನಾಯಿ ಇತ್ತು, ಬೆಕ್ಕೂ ಇತ್ತು. ನಾಯಿ ಅಂದ ಕೂಡಲೇ ಮೂಳೆಗೆ ಕೈ ಹೋಗೋದು ಸಹಜ ಅಲ್ವಾ? ಆದರೂ ನಾಲ್ಕೈದು ವರ್ಷದ ಮಕ್ಕಳು ಎಷ್ಟೋ ಸಲ ನಾಯಿಮನೆಯನ್ನೇ ಆರಿಸಿದರು. ಅವರ ವಾದ ಏನಂದರೆ, ಮಕ್ಕಳು ಎಡವೋದು ಬುದ್ಧಿ ಬೆಳೆದಿಲ್ಲ ಅಂತ ಅಲ್ಲ, ಆ ಜೋಡಿಯ ಸಂಬಂಧವೇ ಅವರಿಗೆ ಪರಿಚಯ ಇಲ್ಲ ಅಂತ. ಪರಿಚಯದ ಸಂಬಂಧ ಕೊಟ್ಟರೆ ಪುಟ್ಟ ಮಕ್ಕಳೂ ಮಾಡ್ತಾರೆ. ನಿನ್ನ ತರಗತಿಯ ಕರಿಗೂ ಅದೇ ಮಾತು. ಕರಿ ಅಂದರೆ ಆನೆ ಅಂತ ಆ ಮಕ್ಕಳು ಎಲ್ಲಿ ಕೇಳಿರ್ತಾರೆ ಹೇಳು?

— ಹೌದು, ಪದ್ಯದಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೈಡಿನಲ್ಲಿ ನಾನಾರ್ಥದ ಪಟ್ಟಿ ಹಾಗೇ ಇದೆ. ಹರಿ ಅಂದರೆ ವಿಷ್ಣು, ಸಿಂಹ, ಕುದುರೆ, ಕೋತಿ, ಕಪ್ಪೆ. ಮಕ್ಕಳು ಅದನ್ನ ಮಗ್ಗಿ ಥರ ಒಪ್ಪಿಸ್ತಾರೆ.

— ಆ ಪಟ್ಟಿಯ ಹಿಂದೆ ದೊಡ್ಡ ಪರಂಪರೆ ಇದೆ, ಅದನ್ನ ನಾನು ಹಗುರ ಮಾಡೋದಿಲ್ಲ. ಅಮರಕೋಶದ ಮೂರನೇ ಕಾಂಡದಲ್ಲಿ ನಾನಾರ್ಥಕ್ಕೇ ಒಂದು ವರ್ಗ ಇದೆ. ನಮ್ಮ ಇಮ್ಮಡಿ ನಾಗವರ್ಮನೂ ಕನ್ನಡ ಕವಿಗಳಿಗೆ ಅಂತಲೇ ನಿಘಂಟು ಮಾಡಿಕೊಟ್ಟ. ಶ್ಲೇಷೆ ಕಟ್ಟೋ ಕವಿಗೆ ಒಂದು ಪದಕ್ಕೆ ಐದು ಅರ್ಥ ಕೈಯಲ್ಲಿ ಬೇಕಿತ್ತು. ನಾಲ್ಕನೇ ತರಗತಿಯ ಮಗುವಿಗೆ ಅದೇ ಪಟ್ಟಿ ಬೇಡ. ವಿಚಿತ್ರ ಅಂದರೆ, ಆ ಹರಿ ಪಟ್ಟಿಯಲ್ಲಿ ಮಗುವಿಗೆ ಗೊತ್ತಿರೋ ಎರಡು ಅರ್ಥ ಹೆಚ್ಚಾಗಿ ಇರೋದೇ ಇಲ್ಲ. ಕಾಲುವೇಲಿ ನೀರು ಹರೀತು. ಬೇಲಿಗೆ ಸಿಕ್ಕಿ ಅಂಗಿ ಹರೀತು. ದಿನಾ ಆಡೋ ಮಾತು ಇವು. ಮಗು ತನ್ನ ಬಾಯಲ್ಲಿ ಎರಡು ಅರ್ಥದಲ್ಲೂ ಆಡಿದ ಪದವೇ ನಿನಗೆ ಮೊದಲ ಪಾಠ. ಅದೇ ಪದ ಎರಡು ಕೆಲಸ ಮಾಡ್ತಿದೆ ಅಂತ ಅದು ಗಮನಿಸಿರೋದಿಲ್ಲ, ಅಷ್ಟೇ. ಗಮನಿಸಿದ ದಿನ ಅದರ ಮುಖ ನೋಡಬೇಕು ನೀನು.

— ಹಾಗೆ ಬಾಯಲ್ಲಿರೋ ಪದಗಳು ಅಂದರೆ... ಹತ್ತು, ಏಳು, ಆರು. ಅಂಕಿ ಕಲಿಯೋವಾಗಲೇ ಬರುತ್ತೆ.

— ಅಂಕಿಯಿಂದಲೇ ಶುರು ಮಾಡು. 'ಐದು : ಆರು :: ಏಳು : ___' ಅಂದರೆ ಎಂಟು. 'ಬಾ : ಹೋಗು :: ಏಳು : ___' ಅಂದರೆ ಮಲಗು. ಕೂರು ಅಂದರೂ ಸರಿ. 'ತೆಗೆ : ಮುಚ್ಚು :: ಹತ್ತು : ಇಳಿ'. 'ಎಂಟು : ಒಂಬತ್ತು :: ಹತ್ತು : ಹನ್ನೊಂದು'. ಕಾಡು ತಗೋ, ಹುಲಿ ಇರೋ ಕಾಡೂ ಹೌದು, ತಮ್ಮ ಅಕ್ಕನನ್ನ ಕಾಡೋ ಕಾಡೂ ಹೌದು. 'ಮೀನು : ನೀರು :: ಹುಲಿ : ___' ಅಂದರೆ ಕಾಡು. ಇನ್ನೊಂದು ಕಡೆ 'ಆಡು : ಆಟ :: ನೋಡು : ನೋಟ :: ಕಾಡು : ___'.

— ಕಾಟ!

— ಹಾಂ. ಓಡು ಓಟ, ಕೂಡು ಕೂಟ, ಕಾಡು ಕಾಟ. ಡಕಾರ ಹೋಗಿ ಟಕಾರ ಬರುತ್ತೆ ಅಂತ ವ್ಯಾಕರಣದ ಹೆಸರಿಲ್ಲದೆ ಮಕ್ಕಳಿಗೆ ಹತ್ತುತ್ತೆ. ಅಲ್ಲಿಗೆ ನಿಲ್ಲೋದಿಲ್ಲ ಅವರು. ಮಾಡು ಅಂದರೆ ಮಾಟನಾ ಅಂತ ಯಾರಾದರೂ ಕೇಳೇ ಕೇಳ್ತಾರೆ, ತರಗತಿಯೆಲ್ಲ ನಗುತ್ತೆ. ನಗಲಿ. ಮಾಟ ಮಂತ್ರದ ಮಾಟ ಒಂದು, ಮೂಗು ಮಾಟವಾಗಿದೆ ಅಂತ ಅಜ್ಜಿ ಹೇಳೋ ಮಾಟ ಇನ್ನೊಂದು ಅಂತ ಹೇಳು. ಹಾಡು ಅಂದರೆ ಹಾಟ ಯಾಕೆ ಆಗೋಲ್ಲ ಅಂತಲೂ ಕೇಳ್ತಾರೆ. ಭಾಷೆಯಲ್ಲಿ ದಾರಿ ಎಲ್ಲ ಕಡೆಗೂ ಹೋಗೋದಿಲ್ಲ ಅಂತ ಗೊತ್ತಾಗೋದೂ ಕಲಿಕೆಯೇ.

— ಮೊಬೈಲಿನಲ್ಲಿ ಸಿಗೋ ಇಂಗ್ಲಿಷ್ ವರ್ಕ್‌ಶೀಟು ನೋಡಿ ಒಂದು ಸೆಟ್ ಮಾಡೋಣ ಅಂತಿದ್ದೆ. ಅಲ್ಲಿ ಒಂದೇ ಉಚ್ಚಾರ, ಬೇರೆ ಬೇರೆ ಸ್ಪೆಲ್ಲಿಂಗು. ಸಮುದ್ರದ 'ಸೀ', ನೋಡೋ 'ಸೀ'. ಕನ್ನಡದಲ್ಲಿ ಹಾಗೆ ಹುಡುಕಿದರೆ ಸಿಗೋದೇ ಕಷ್ಟ.

— ಸಿಗೋದಿಲ್ಲ, ಹುಡುಕಲೂ ಬೇಡ. ನಮ್ಮಲ್ಲಿ ಬರೆದ ಹಾಗೆ ಓದ್ತೀವಿ, ಓದಿದ ಹಾಗೆ ಬರೀತೀವಿ, ಸುಮಾರಾಗಿ. ಇಂಗ್ಲಿಷ್ ಮಗುವಿನ ತೊಡಕು ಕಾಗುಣಿತದ್ದು, ನಮ್ಮ ಮಗುವಿನದ್ದು ಅರ್ಥದ್ದು. ಆ ವರ್ಕ್‌ಶೀಟು ಹಾಗೇ ಕನ್ನಡಕ್ಕೆ ಇಳಿಸಿದರೆ ಇಲ್ಲದ ಕಷ್ಟ ಕಲಿಸಿದ ಹಾಗೆ. ಆದರೆ ನಿಮ್ಮ ಮಂಡ್ಯದ ಕಡೆ ಇನ್ನೊಂದು ಇದೆಯಲ್ಲ.

— ಹಕಾರ. 'ಅಕ್ಕಿ ಮರದ ಮೇಲೆ ಕೂತದೆ' ಅಂತಾರೆ. ಹಾಡು ಹೋಗಿ ಆಡು ಆಗುತ್ತೆ, ಹಾರು ಆರು ಆಗುತ್ತೆ, ಹತ್ತು ಅತ್ತು ಆಗುತ್ತೆ. ತಿದ್ದಿ ಅಂತ ಮೇಲಿನವರು ಹೇಳ್ತಾನೇ ಇರ್ತಾರೆ.

— ಮನೆಯಲ್ಲಿ ಅವ್ವ ಆಡೋ ಮಾತನ್ನ ತರಗತಿಯಲ್ಲಿ ತಪ್ಪು ಅನ್ನಬೇಡ. ಅದು ಆ ಸೀಮೆಯ ಮಾತು, ಅದಕ್ಕೆ ಅದರದೇ ಕ್ರಮ ಇದೆ. ಬರೆಯೋವಾಗ ಹಕ್ಕಿಗೆ ಹಕಾರ ಬೇಕು ಅಷ್ಟೇ, ಅದನ್ನ ಕಲಿಸೋಕೆ ಈ ಜೋಡಿ ಪದಗಳ ಅಭ್ಯಾಸ ತುಂಬ ಚೆನ್ನಾಗಿ ಒದಗುತ್ತೆ. ನೀನು ಬಾಯಲ್ಲಿ ಹೇಳು, ಅವರ ಥರವೇ ಹಕಾರ ಬಿಟ್ಟು ಹೇಳಿದರೂ ಸರಿಯೇ. 'ಹಸು : ಕೊಟ್ಟಿಗೆ :: ಅಕ್ಕಿ : ___'. ಗೂಡು ಅಂತಾರೆ. 'ಬೇಳೆ : ಸಾರು :: ಅಕ್ಕಿ : ___'. ಅನ್ನ ಅಂತಾರೆ. ಕಿವಿಗೆ ಎರಡೂ ಒಂದೇ, ಮನಸ್ಸಿಗೆ ಬೇರೆ. ಆಮೇಲೆ ಬರೆಸು. ಗೂಡು ಇರೋ ಅಕ್ಕಿಗೆ ಹಕಾರ, ಅನ್ನ ಆಗೋ ಅಕ್ಕಿಗೆ ಅಕಾರ. ಬರವಣಿಗೆ ಇಬ್ಬರನ್ನ ಬೇರೆ ಮಾಡಿ ತೋರಿಸುತ್ತೆ ಅಂತ ಅವರೇ ನೋಡ್ತಾರೆ. ಅಕ್ಷರ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಗೊತ್ತಿಲ್ಲ.

— ಬರವಣಿಗೆಯಲ್ಲೂ ಬೇರೆ ಆಗದ ಪದಗಳೇ ಜಾಸ್ತಿ ಅಲ್ವಾ?

— ಈಗ ಜಾಸ್ತಿ. ಹಿಂದೆ ಇಷ್ಟು ಇರಲಿಲ್ಲ. ಹಳಗನ್ನಡದಲ್ಲಿ ನಮಗೆ ಈಗ ಇಲ್ಲದ ಎರಡು ಅಕ್ಷರ ಇದ್ದವು, ಱ ಮತ್ತು ೞ. ಸಮುದ್ರದ ತೆರೆಗೆ ಸಾಮಾನ್ಯ ರಕಾರ, ಬಾಗಿಲು ತೆರೆ ಅನ್ನೋದಕ್ಕೆ ಱ. ಶತ್ರು ಅನ್ನೋ ಅರಿಗೆ ರಕಾರ, ತಿಳಿ ಅನ್ನೋ ಅಱಿಗೆ ಱ. ಕೂಗಿ ಕರೆ ಅನ್ನೋದು ಬೇರೆ, ಹಾಲು ಕಱೆ ಅನ್ನೋದು ಬೇರೆ. ಕಾಲ ಕಳೆದ ಹಾಗೆ ಉಚ್ಚಾರದಲ್ಲಿ ಭೇದ ಅಳಿಸಿತು, ಆಮೇಲೆ ಅಕ್ಷರವೂ ಬಿಟ್ಟುಹೋಯಿತು. ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯೋ ಹೊತ್ತಿಗೆ ೞಕಾರ ಎಲ್ಲಿ ಬರುತ್ತೆ ಅಂತ ಪದಗಳನ್ನ ಪಟ್ಟಿ ಮಾಡಿ ಹೇಳಬೇಕಾಗಿತ್ತು. ತಮಿಳು ಮಲಯಾಳಂನಲ್ಲಿ ಆ ಅಕ್ಷರ ಇವತ್ತಿಗೂ ಇದೆ. ಮಕ್ಕಳಿಗೆ ಇದನ್ನೆಲ್ಲ ಹೇಳೋಕೆ ಹೋಗಬೇಡ, ನಿನಗೆ ಗೊತ್ತಿರಲಿ ಅಂತ ಹೇಳಿದೆ. ಒಂದೇ ಪದಕ್ಕೆ ಎರಡು ಅರ್ಥ ಅಂತ ಮಗು ಬೆರಗಾದಾಗ, ಇವು ಎರಡು ಪದಗಳು, ಈಗ ಒಂದೇ ಬಟ್ಟೆ ತೊಟ್ಟಿವೆ ಅಂತ ಧೈರ್ಯವಾಗಿ ಹೇಳಬಹುದು. ಕಿಟೆಲ್ 1894ರ ನಿಘಂಟಿನಲ್ಲಿ ಇಂಥವನ್ನ ಬೇರೆ ಬೇರೆ ಉಲ್ಲೇಖ ಮಾಡಿ, ಪಕ್ಕದಲ್ಲಿ 1, 2 ಅಂತ ಅಂಕಿ ಹಾಕಿದ್ದು ಅದಕ್ಕೇ.

— ನನ್ನ ತರಗತಿಯಲ್ಲಿ ಮನೆಯಲ್ಲಿ ತಮಿಳು ಆಡೋ ಒಬ್ಬ ಹುಡುಗ ಇದ್ದಾನೆ. ಆರು ಅಂದರೆ ಹೊಳೆ ಅಂದ ಒಂದು ಸಲ. ಉಳಿದವರು ನಕ್ಕರು.

— ಅಯ್ಯೋ, ಅವನು ಹೇಳಿದ್ದು ಅವನ ಮನೆಮಾತಿನಲ್ಲಿ ಪೂರ್ತಿ ಸರಿ. ತಮಿಳಿನಲ್ಲಿ ಆರು ಅಂದರೆ ಅಂಕಿಯೂ ಹೌದು, ನದಿಯೂ ಹೌದು. ನಮ್ಮಲ್ಲಿ ಅಂಕಿ ಹೌದು, ದೀಪ ಆರೋದೂ ಹೌದು, ಕಾಫಿ ಆರೋದೂ ಹೌದು. ಅವನನ್ನ ಎದ್ದು ನಿಲ್ಲಿಸಿ, ಬೋರ್ಡಿನ ಮೇಲೆ ಅವನ ಕೈಯಲ್ಲೇ ಒಂದು ಜೋಡಿ ಬರೆಸು. ಉರ್ದು, ಲಂಬಾಣಿ ಮಾತಾಡೋ ಮಕ್ಕಳಿದ್ದರೆ ಅವರನ್ನೂ ಕೇಳು, ನಿಮ್ಮ ಮನೆಮಾತಿನಲ್ಲಿ ಎರಡು ಅರ್ಥದ ಪದ ಯಾವುದಿದೆ ಅಂತ. ಇಂಥ ಪದ ಇಲ್ಲದ ಮಾತೇ ಇಲ್ಲ.

— ಕ್ರಮ ಹೇಳಿ ಚಿಕ್ಕಮ್ಮ. ತರಗತಿಗೆ ಹೋಗಿ ನೇರ ಚುಕ್ಕಿ ಚುಕ್ಕಿ ಬರೆದರೆ ಮಕ್ಕಳಿಗೆ ಅರ್ಥ ಆಗೋಲ್ಲ.

— ಆ ಚುಕ್ಕಿಗಳನ್ನ ಮೊದಲು ಮಾತಾಗಿ ಓದಿಸು. 'ಹಸುವಿಗೆ ಕೊಟ್ಟಿಗೆ ಹೇಗೋ ಕುದುರೆಗೆ ಲಾಯ ಹಾಗೆ'. ಹೇಗೋ ಹಾಗೆ ಅನ್ನೋದು ನಮ್ಮ ಮಾತಿನಲ್ಲೇ ಇರೋ ಕಟ್ಟು, ಮಕ್ಕಳಿಗೆ ಹೊಸದಲ್ಲ. ಅದಾದ ಮೇಲೆ ಸಂಬಂಧ ಏನು ಅಂತ ಒಂದು ಪೂರ್ತಿ ವಾಕ್ಯ ಹೇಳಿಸು. 'ಹಸುವನ್ನ ಕಟ್ಟೋದು ಕೊಟ್ಟಿಗೆಯಲ್ಲಿ'. ಅದೇ ವಾಕ್ಯದಲ್ಲಿ ಹಸು ತೆಗೆದು ಕುದುರೆ ಹಾಕು, ಕೊಟ್ಟಿಗೆ ತೆಗೆದು ಖಾಲಿ ಬಿಡು. ವಾಕ್ಯ ಕೂತರೆ ಉತ್ತರ ಸರಿ. ಈ ವಾಕ್ಯ ಹೇಳಿಸೋದನ್ನ ಯಾವ ಕಾರಣಕ್ಕೂ ಬಿಡಬೇಡ. ಬಿಳಿ ಬರೆದ ಮಕ್ಕಳು ಬಿಟ್ಟಿದ್ದು ಇದನ್ನೇ. ಅರಸು ಅಂದರೂ ರಾಜ ಅಂದರೂ ಒಂದೇ, ಕರಿ ಅಂದರೂ ಬಿಳಿ ಅಂದರೂ ಒಂದೇ ಅಂತ ಬಾಯಿ ಬಿಟ್ಟು ಹೇಳಿದ್ದರೆ ಅವರೇ ತಡೆದು ನಿಲ್ತಿದ್ದರು.

— ನಾನಾರ್ಥ ಪದ ಯಾವಾಗ ತರೋದು?

— ವಾಕ್ಯ ಹೇಳೋದು ರೂಢಿ ಆದ ಮೇಲೆ. ಅದಕ್ಕೂ ಮೊದಲು ಆ ಪದವನ್ನ ಎರಡು ವಾಕ್ಯದಲ್ಲಿ ಆಡಿಸು, ಅಭಿನಯ ಮಾಡಿಸು. ಬಟ್ಟೆ ಹಿಂಡು, ಕುರಿ ಹಿಂಡು. ಕೆರೆಗೆ ಹೋದ, ತಲೆ ಕೆರೆದ. ಪದ ಒಂಟಿಯಾಗಿ ನಿಂತಾಗ ಮಾತ್ರ ಗೊಂದಲ, ಪ್ರತ್ಯಯ ಸೇರಿದರೆ ಎಷ್ಟೋ ಪದ ತಾವಾಗಿಯೇ ಬೇರೆ ಆಗ್ತವೆ ನೋಡು. ಹತ್ತರಲ್ಲಿ ಒಂದು, ಮರ ಹತ್ತಿದ. ಕೆಲವು ಆಗಲೂ ಬೇರೆ ಆಗೋದಿಲ್ಲ. ಮಳೆಯಲ್ಲಿ ನೆನೆದ, ಅಜ್ಜಿಯನ್ನ ನೆನೆದ. ಇವನ್ನ ಕೊನೆಗೆ ಇಟ್ಟುಕೋ. ಪ್ರತ್ಯಯ ಸೇರಿ ಹೊಸ ಗೊಂದಲ ಹುಟ್ಟೋದೂ ಉಂಟು. ಕಾಡಿಗೆ ಹೋದ, ಕಣ್ಣಿಗೆ ಕಾಡಿಗೆ ಹಚ್ಚಿದಳು. 'ಊರು : ಊರಿಗೆ :: ಕಾಡು : ಕಾಡಿಗೆ' ಒಂದು, 'ಹಣೆ : ಕುಂಕುಮ :: ಕಣ್ಣು : ಕಾಡಿಗೆ' ಇನ್ನೊಂದು. ಐದನೇ ತರಗತಿಗೆ ಇದು ಹಬ್ಬ.

— ಕಳೆ ಅನ್ನೋ ಪದ ಹೇಗೆ? ಗಣಿತದಲ್ಲಿ ಕಳೆಯೋದು ದಿನಾ ಬರುತ್ತೆ.

— ಎಂಥ ಒಳ್ಳೆ ಪದ ಹಿಡಿದೆ! 'ಗುಣಿಸು : ಭಾಗಿಸು :: ಕೂಡು : ಕಳೆ'. 'ಚಿನ್ನ : ಹೊಳಪು :: ಮುಖ : ಕಳೆ'. ಇನ್ನೊಂದು ನಿಮ್ಮ ಊರಿನದ್ದೇ, 'ಅಕ್ಕಿ : ಕಲ್ಲು :: ಗದ್ದೆ : ಕಳೆ'. ಇರಬಾರದ ಕಡೆ ಇರೋದು, ಆರಿಸಿ ತೆಗೆಯಬೇಕಾದ್ದು. ಕಳೆ ಕೀಳೋಕೆ ಅಪ್ಪ ಅಮ್ಮನ ಜೊತೆ ಹೋಗೋ ಮಗುವಿಗೆ ಇದು ಪುಸ್ತಕದ ಪದವೇ ಅಲ್ಲ. ಇದನ್ನೇ ತಿರುಗಿಸಿ 'ಗದ್ದೆ : ಕಳೆ :: ಅಕ್ಕಿ : ___' ಅಂತ ಕೇಳು. ಒಬ್ಬ ಕಲ್ಲು ಅಂತಾನೆ, ಒಬ್ಬಳು ನುಸಿ ಅಂತಾಳೆ, ಇನ್ನೊಬ್ಬರು ಹೊಟ್ಟು ಅಂತಾರೆ. ಯಾಕೆ ಅಂತ ಕೇಳು. ನುಸಿ ಅಂದವಳು, ಕಳೆ ಬೆಳೀತದೆ ಮಿಸ್, ನುಸಿನೂ ಬೆಳೀತದೆ, ಕಲ್ಲು ಬೆಳೆಯೋದಿಲ್ವಲ್ಲ ಅಂದರೆ ಗೈಡಿನ ಉತ್ತರಕ್ಕಿಂತ ಅವಳದ್ದೇ ಬಿಗಿಯಾಗಿದೆ ಅಲ್ವಾ?

— ಆದರೆ ಪರೀಕ್ಷೆಯಲ್ಲಿ ಒಂದೇ ಉತ್ತರ ಬೇಕಲ್ಲ. ಮುಂದೆ ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆಯಲ್ಲೂ 'ಮೊದಲೆರಡು ಪದಗಳಿಗಿರುವ ಸಂಬಂಧದಂತೆ' ಅಂತ ಕೇಳ್ತಾರೆ.

— ಕೇಳಲಿ. ಅಲ್ಲಿ ಹೆಚ್ಚಾಗಿ ಸಂಧಿ, ಸಮಾಸ, ತತ್ಸಮ ತದ್ಭವ ಬರುತ್ತೆ, ಉತ್ತರ ಒಂದೇ ಇರೋ ಹಾಗೆ ಕಟ್ಟಿರ್ತಾರೆ. ಅಮೆರಿಕದಲ್ಲಿ ಎಸ್‌ಎಟಿ ಅಂತ ಕಾಲೇಜು ಪ್ರವೇಶದ ಪರೀಕ್ಷೆ ಇದೆಯಲ್ಲ, ಅದರಲ್ಲಿ ಇಂಥ ಪದಸಂಬಂಧದ ಪ್ರಶ್ನೆ ಬಹಳ ಕಾಲ ಇತ್ತು. 2005ರಲ್ಲಿ ತೆಗೆದರು. ಪರೀಕ್ಷೆಯಿಂದ ಹೋದ ಮಾತ್ರಕ್ಕೆ ಈ ಯೋಚನೆಯ ಬೆಲೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಇದು ಮಗುವನ್ನ ಅಳೆಯುತ್ತೆ, ತರಗತಿಯಲ್ಲಿ ಮಗು ಮಾತಾಡೋ ಹಾಗೆ ಮಾಡುತ್ತೆ. ನಿನ್ನ ಕೈಯಲ್ಲಿ ಇರೋದು ಎರಡನೇದು. ಅಂಕ ಕೊಡಲೇಬೇಕು ಅಂದರೆ ಉತ್ತರಕ್ಕೆ ಅರ್ಧ, ಕಾರಣದ ವಾಕ್ಯಕ್ಕೆ ಅರ್ಧ ಇಡು.

— ಒಂದು ವಾರಕ್ಕೆ ಎಷ್ಟು ಪದ ಇಟ್ಟುಕೊಳ್ಳಲಿ?

— ಕಡಿಮೆ. ದಿನಕ್ಕೆ ಒಂದು ಪದ ಅಂದರೂ ಹೆಚ್ಚೇ. ಆಡು, ಕಾಡು, ಏಳು, ಕಳೆ, ಕಲೆ, ಇಷ್ಟರಲ್ಲೇ ಒಂದು ತಿಂಗಳು ಹಿಗ್ಗಿಸಬಹುದು. ಕಲೆಯನ್ನ ಮರೀಬೇಡ. 'ಕಬಡ್ಡಿ : ಆಟ :: ಯಕ್ಷಗಾನ : ಕಲೆ' ಆದ ಮೇಲೆ 'ಗೋಡೆ : ಬಿರುಕು :: ಬಟ್ಟೆ : ಕಲೆ' ಕೊಡು. ಲಕಾರದ ಕಲೆ, ಳಕಾರದ ಕಳೆ ಎರಡೂ ಬೋರ್ಡಿನ ಮೇಲೆ ಅಕ್ಕಪಕ್ಕ ನಿಂತರೆ ಉಚ್ಚಾರವೂ ತಿದ್ದುತ್ತೆ. ಮತ್ತೆ, ಖಾಲಿ ಜಾಗವನ್ನ ಯಾವಾಗಲೂ ನಾಲ್ಕನೇ ಕಡೆಯೇ ಇಡಬೇಡ. ಒಂದು ಸಲ ಮೊದಲ ಜೋಡಿಯನ್ನೇ ಖಾಲಿ ಬಿಡು. '___ : ___ :: ಆಡು : ಮರಿ'. ಹಸು, ಕರು ಅಂತ ಬರೀತಾರೆ. ಕೆಳಗೆ '___ : ___ :: ಆಡು : ಆಟ'. ಈಗ ಕೈಮರ ನೆಡೋರು ಅವರೇ. ಅರ್ಥ ತೀರ್ಮಾನ ಮಾಡೋ ಕೆಲಸವನ್ನ ಅವರ ಕೈಗೇ ಕೊಟ್ಟಂತಾಯಿತು.

— ಗುಂಪು ಮಾಡಿ, ಒಂದು ಗುಂಪು ಪ್ರಶ್ನೆ ಕಟ್ಟಿ ಇನ್ನೊಂದಕ್ಕೆ ಕೇಳಲಿ ಅಂದರೆ?

— ಮಾಡು. ಒಂದೇ ಒಂದು ನಿಯಮ ಇಡು, ಕಟ್ಟಿದ ಗುಂಪಿಗೆ ತನ್ನ ಸಂಬಂಧವನ್ನ ವಾಕ್ಯದಲ್ಲಿ ಹೇಳೋಕೆ ಬರಬೇಕು. ಎರಡು ಉತ್ತರ ಬಂದರೆ ಜಗಳ ಆಡಲಿ, ನೀನು ನಡುವೆ ಬಾಯಿ ಹಾಕಬೇಡ, ಕೇಳಿಸಿಕೋ. ಅವರು ಕಟ್ಟಿದ್ದನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಮುಂದಿನ ವರ್ಷದ ತರಗತಿಗೆ ಗೈಡು ಬೇಕಾಗೋದಿಲ್ಲ. ಈಗ ಆ ಉತ್ತರ ಪತ್ರಿಕೆ ತಗೊಂಡು ಬಾ, ಕಪ್ಪು ಬರೆದವರದ್ದು ಮೊದಲು ತಿದ್ದೋಣ. ಬೋಂಡ ಬರೆದವಳ ಪತ್ರಿಕೆಯಲ್ಲಿ 'ಬೇಯಿಸು : ಇಡ್ಲಿ' ಅಂತ ಪಕ್ಕಕ್ಕೆ ಬರೆದು ಕೊಡು. ಮುಂದಿನದ್ದನ್ನ ಅವಳೇ ನೋಡಿಕೊಳ್ತಾಳೆ.